ಮೂರು ಸಲ ನೋಡುತ್ತಿದ್ದವನು

ಎತ್ತರದ ಕಟ್ಟಡಗಳ ಗಾಜು ತೊಳೆಯಲು ಇಬ್ಬರು ಬೇಕು. ಒಬ್ಬ ತಾರಸಿಯ ಮೇಲೆ ಹಗ್ಗ ಕಟ್ಟುತ್ತಾನೆ, ಇನ್ನೊಬ್ಬ ಆ ಹಗ್ಗಕ್ಕೆ ಜೋತುಬಿದ್ದು ಬಕೆಟ್ಟು, ಬಟ್ಟೆ ಸಮೇತ ಗೋಡೆಯುದ್ದಕ್ಕೂ ಇಳಿಯುತ್ತಾನೆ. ಇಲ್ಲಿ ಕಟ್ಟುವವನು ಭಾವ, ಇಳಿಯುವವನು ಅವನ ಹೆಂಡತಿಯ ತಮ್ಮ. ಭಾವ, ಭಾಮೈದ ಒಂದೇ ಕೆಲಸಕ್ಕೆ ಬಿದ್ದಮೇಲೆ ಕೇಳಬೇಕೆ? ಬೆಳಗಿನಿಂದ ಸಂಜೆಯವರೆಗೆ ಒಬ್ಬರ ಕಾಲು ಒಬ್ಬರು ಎಳೆಯುವುದೇ ಆಗಿತ್ತು. ವಾಕಿಟಾಕಿಯಲ್ಲಿ ಕೆಲಸದ ಮಾತು ಕಡಿಮೆ, ಕೀಟಲೆಯೇ ಹೆಚ್ಚು.

ಈ ಕೆಲಸದವರಲ್ಲಿ ಒಂದು ಪದ್ಧತಿ ಇದೆ. ಗಂಟು ಹಾಕಿ ಮುಗಿದ ಮೇಲೆ ಇಳಿಯುವವನು ಹಗ್ಗವನ್ನು ಕೈಯಲ್ಲಿ ಹಿಡಿದು, “ಈ ಹಗ್ಗ ಯಾರದು?” ಎಂದು ಕೇಳಬೇಕು. ಕಟ್ಟಿದವನು “ನನ್ನದು” ಎನ್ನಬೇಕು. ನಿನ್ನ ಜೀವಕ್ಕೆ ನಾನು ಹೊಣೆ ಎಂದು ಅದರ ಅರ್ಥ. ಆಮೇಲೆ ಇಳಿಯುವವನು ಖುದ್ದಾಗಿ ಹೋಗಿ ಗಂಟು ನೋಡಬೇಕು, ಮೈಭಾರ ಹಾಕಿ ಒಮ್ಮೆ ಜಗ್ಗಬೇಕು. ಈ ಕೊನೆಯದನ್ನು ಭಾಮೈದ ಎಂದೋ ಬಿಟ್ಟುಬಿಟ್ಟಿದ್ದ. ಬಿಡದೆ ಏನು ಮಾಡುತ್ತಾನೆ? ಭಾವ ತಾನು ಕಟ್ಟಿದ ಗಂಟನ್ನು ತಾನೇ ಮೂರು ಸಲ ನೋಡುವ ಆಸಾಮಿ. ಒಮ್ಮೆ ನೋಡಿ, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಮುಟ್ಟಿ, ಬಾಗಿಲವರೆಗೆ ಹೋದವನು ಮತ್ತೆ ಬಂದು ಜಗ್ಗುತ್ತಿದ್ದ. ಹಗ್ಗದ ಕೆಲಸದವರೆಲ್ಲ ಅವನಿಗೆ ‘ಮೂರುಸಲ’ ಎಂದೇ ಹೆಸರಿಟ್ಟಿದ್ದರು.

“ನಮ್ಮ ಭಾವ ಊಟಕ್ಕೆ ಕೂತ್ರೂ ತಟ್ಟೇನ ಮೂರು ಸಲ ನೋಡ್ತಾರೆ, ಅಕ್ಕ ಏನಾದ್ರೂ ಬೆರೆಸಿಟ್ಟಿದಾಳಾ ಅಂತ” ಎಂದು ಭಾಮೈದ ಎಲ್ಲರೆದುರು ಹೇಳಿ ನಗಿಸುತ್ತಿದ್ದ. ಭಾವನೂ ನಗುತ್ತಿದ್ದ. ನಗುನಗುತ್ತಲೇ ಹೋಗಿ ಗಂಟನ್ನು ಇನ್ನೊಮ್ಮೆ ಮುಟ್ಟಿ ಬರುತ್ತಿದ್ದ.

ಹೋದ ವರ್ಷ ಇಬ್ಬರಿಗೂ ಕೆಲಸ ಕಲಿಸಿದ ಮೀಸೆಮಾವ ಬಿದ್ದ. ಜೀವನವಿಡೀ ಮುಗಿಲೆತ್ತರದಲ್ಲಿ ನೇತಾಡಿ ಬಂದ ಮನುಷ್ಯ, ಯಾವುದೋ ಅಂಗಡಿಯ ಬೋರ್ಡು ಒರೆಸಲು ಏಣಿ ಹತ್ತಿ, ಅಲ್ಲಿಂದ ಜಾರಿ ಬೆನ್ನು ಮುರಿದುಕೊಂಡು ಹಾಸಿಗೆ ಹಿಡಿದ. ಭಾವ ಹೋಗಿ ನೋಡಿಕೊಂಡು ಬಂದ. ಅಲ್ಲಿಂದ ಶುರುವಾಯಿತು ನೋಡಿ. ಮೂರು ಸಲ ನೋಡುತ್ತಿದ್ದವನು ಈಗ ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದ. ಕೈ ನಡುಗುತ್ತಿತ್ತು. ಕಣ್ಣು ಮುಚ್ಚಿದರೆ ಯಾರೋ ಬೀಳುತ್ತಿದ್ದರು, ಮುಖ ಮಾತ್ರ ಭಾಮೈದನದು. ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಬಿಸಿಲೇರಿದರೂ ಇಳಿಯಲು ಹಗ್ಗ ತಯಾರಾಗದಿದ್ದಾಗ ಗುತ್ತಿಗೆದಾರ, “ಹಿಂಗಾದ್ರೆ ಬೇರೆ ಜನ ನೋಡ್ಕೋತೀನಪ್ಪಾ” ಎಂದ.

ಹೆಂಡತಿ ಕೈಹಿಡಿದು ಎಳೆದುಕೊಂಡು ಹೋಗುವುದೊಂದೇ ಬಾಕಿ ಇತ್ತು, ಅಂತೂ ಡಾಕ್ಟರ ಬಳಿ ಹೋದ. ಡಾಕ್ಟರು ಸಮಾಧಾನದ ಹೆಂಗಸು. ಎಲ್ಲ ಕೇಳಿಸಿಕೊಂಡು, “ಏನು ಕೆಲಸ ಮಾಡ್ತೀರಿ?” ಎಂದರು.

ಗಾಜಿನ ಗೋಡೆ ಎಂದರೆ ಕೆಲಸ ಬಿಡು ಎನ್ನುತ್ತಾರೆಂದು ಅವನಿಗೆ ಗೊತ್ತಿತ್ತು. “ಗೋದಾಮಲ್ಲಿ ಡಾಕ್ಟ್ರೇ. ಪೆಟ್ಟಿಗೆ ಕಟ್ಟೋದು” ಎಂದ.

“ಹಾಗಾದ್ರೆ ಪರವಾಗಿಲ್ಲ. ಸಣ್ಣ ಡೋಸು ಕೊಡ್ತೀನಿ, ಬೆಳಿಗ್ಗೆ ಅರ್ಧ ಮಾತ್ರೆ. ಕೆಲವರಿಗೆ ಇಷ್ಟಕ್ಕೂ ಗಮನ ಮಂಕಾಗುತ್ತೆ, ಈಗಷ್ಟೇ ಮಾಡಿದ್ದು ತಲೇಲಿ ನಿಲ್ಲಲ್ಲ. ಗಾಡಿ ಓಡಿಸ್ಬೇಡಿ, ಎತ್ತರಕ್ಕೆ ಹತ್ಬೇಡಿ. ಹಂಗೇನಾದ್ರೂ ಆದ್ರೆ ಮುಚ್ಚಿಡ್ದೆ ಬಂದು ಹೇಳಿ.”

ಅವನು ತಲೆಯಾಡಿಸಿ ಬಂದ. ಹೆಂಡತಿ ಹೊರಗಡೆ ಬೆಂಚಿನ ಮೇಲೆ ಕೂತಿದ್ದಳು. ಅವಳಿಗೆ ಗೋದಾಮಿನ ವಿಷಯ ಹೇಳಲಿಲ್ಲ.

ಮಾತ್ರೆಯನ್ನು ಬೈಯುವಂತಿಲ್ಲ, ನಿಜ ಹೇಳಬೇಕು. ವಾರ ಕಳೆಯುವುದರೊಳಗೆ ಅವನಿಗೆ ಹೋದ ಜೀವ ಬಂದಂತಾಯಿತು. ಕೈ ಗಟ್ಟಿಯಾಯಿತು, ಉಂಡದ್ದು ರುಚಿಸಿತು, ರಾತ್ರಿ ಗೊರಕೆ ಹೊಡೆದ. ಹಗ್ಗ ಚಕಚಕನೆ ತಯಾರಾಗುವುದನ್ನು ಕಂಡು ಗುತ್ತಿಗೆದಾರ ಬೆನ್ನು ತಟ್ಟಿದ. ಭಾಮೈದನಂತೂ, “ಅಂತೂ ಮನುಷ್ಯರಾದ್ರಲ್ಲ ಭಾವ! ಈಗ ಒಂದೇ ಸಲ ನೋಡ್ತಿದೀರ” ಎಂದು ಚಪ್ಪಾಳೆ ತಟ್ಟಿದ. ಮಾತ್ರೆಯ ವಿಷಯ ಅವನಿಗೆ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಮನೆಯಲ್ಲಿ ಆಗುತ್ತಿದ್ದುದನ್ನು ನೋಡುತ್ತಿದ್ದವಳೂ ಅವಳೇ. ಹಾಲು ಒಲೆಯ ಮೇಲಿಟ್ಟು ಮರೆತು ಸೀಯಿಸಿದ. ನಲ್ಲಿ ಬಿಟ್ಟು ಹೊರಗೆ ಹೋದ. ಒಂದು ದಿನ ಗುತ್ತಿಗೆದಾರನ ಹೊಸ ಬೈಕಿನ ಕಥೆಯನ್ನು ಕೈಬಾಯಿ ತಿರುಗಿಸಿ ಹೇಳಿದವನು, ಕೈತೊಳೆದು ಬಂದು ಅದೇ ಕಥೆಯನ್ನು ಮೊದಲಿಂದ ಶುರು ಮಾಡಿದ. ಅವಳು ತಟ್ಟೆ ಕೆಳಗಿಟ್ಟು ಅವನ ಮುಖವನ್ನೇ ನೋಡಿದಳು.

“ರೀ, ಇದು ಚೆನ್ನಾಗಿಲ್ಲ. ನನ್ನ ತಮ್ಮ ನೀವು ಕಟ್ಟಿದ ಹಗ್ಗಕ್ಕೆ ನೇತಾಡೋನು. ಅವನಿಗೆ ಹೇಳಿ. ಡಾಕ್ಟ್ರಿಗೂ ಹೇಳಿ.”

“ಹಾಲು ಸೀದ್ರೆ ಹಗ್ಗಕ್ಕೇನೇ? ಗಂಟು ನನ್ನ ಕೈಗೆ ಗೊತ್ತು, ತಲೆಗೆ ಗೊತ್ತಿರಬೇಕಾಗಿಲ್ಲ.”

“ನನ್ನ ಹತ್ರ ಡೌಲು ಬೇಡ. ನೀವು ಹೇಳ್ತೀರೋ, ನಾನು ಹೇಳ್ಲೋ?”

“ನಾನೇ ಹೇಳ್ತೀನಿ, ಬಿಡು.”

ಹೀಗೆ ಅವನು ‘ಇವತ್ತು ಹೇಳ್ತೀನಿ’ ಎಂದುಕೊಂಡು ಹೋಗುವುದು, ಹೇಳದೆ ಬರುವುದು ನಡೆದೇ ಇತ್ತು. ಕೆಲವು ದಿನ ಮರೆತೇಹೋಗುತ್ತಿತ್ತು. ಕೆಲವು ದಿನ ನೆನಪಿದ್ದೂ ನಾಲಿಗೆ ಏಳುತ್ತಿರಲಿಲ್ಲ. ಹೇಳಿದ ದಿನವೇ ಕೆಲಸ ಹೋಯಿತೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆ ದಿನ ಬೆಳಿಗ್ಗೆಯೂ ಹೆಂಡತಿ ಬಾಗಿಲಲ್ಲಿ ಅಡ್ಡ ನಿಂತು, “ಇವತ್ತು ಹೇಳದೆ ಮನೆಗೆ ಬರಬೇಡಿ” ಎಂದಿದ್ದಳು.

ಕೆಲಸ ಎರಡು ಗೋಪುರಗಳದ್ದು. ಅಂಗಳದ ಎರಡೂ ಬದಿಗೆ ಎದುರುಬದುರಾಗಿ ನಿಂತ ಒಂದೇ ಥರದ ಕಟ್ಟಡಗಳು, ಒಂದು ಇನ್ನೊಂದನ್ನು ಕನ್ನಡಿಯಲ್ಲಿ ನೋಡಿಕೊಂಡ ಹಾಗೆ. ಹಿಂದಿನ ದಿನ ಒಂದನ್ನು ಮುಗಿಸಿದ್ದರು, ಈ ದಿನ ಇನ್ನೊಂದು. ತಾರಸಿ ಬೋಳು ಬೋಳು, ಹಗ್ಗ ಕಟ್ಟಲು ಒಂದು ಕೊಕ್ಕೆಯೂ ಇರಲಿಲ್ಲ. ಇದ್ದದ್ದು ಲಿಫ್ಟಿನ ಯಂತ್ರದ ಪುಟ್ಟ ಕೋಣೆ. ಅದರೊಳಗಿನ ದಪ್ಪ ಕಬ್ಬಿಣದ ತೊಲೆಗಳಿಗೆ ಹಗ್ಗ ಕಟ್ಟಿ, ಗೋಡೆಯ ಕೆಳಗಿನ ಗಾಳಿಕಿಂಡಿಯಿಂದ ಹೊರಗೆ ತೂರಿಸಬೇಕು. ಒಂದು ಹಗ್ಗ ಇಳಿಯಲು, ಇನ್ನೊಂದು ಆಪತ್ತಿಗೆ. ಕಟ್ಟಿ ಮುಗಿದೊಡನೆ ಕೋಣೆಗೆ ಬೀಗ. ಲಿಫ್ಟು ಓಡುವಾಗ ಆ ಕೋಣೆ ತೆರೆದಿರಬಾರದೆಂದು ಕಟ್ಟಡದ ನಿಯಮ. ಬೀಗ ಹಾಕುವವಳು ಉಸ್ತುವಾರಿ ಹೆಂಗಸು. ಸೊಂಟದ ತುಂಬ ಕೀಲಿ ಸಿಕ್ಕಿಸಿಕೊಂಡು ಝಣಝಣ ಓಡಾಡುವ ಅವಳಿಗೆ ಭಾಮೈದ ಮೊದಲ ದಿನವೇ ‘ಕೀಲಿಯಮ್ಮ’ ಎಂದು ನಾಮಕರಣ ಮಾಡಿದ್ದ.

ಭಾಮೈದ ಇಳಿದಿದ್ದ. ಕೀಲಿಯಮ್ಮ ಬೀಗ ಹಾಕಿ ಹೋಗಿದ್ದಳು. ಭಾವ ಕೋಣೆಯ ನೆರಳಿನಲ್ಲಿ ಕೂತು, ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದ. ಮನಸ್ಸು ನೆಮ್ಮದಿಯಾಗಿತ್ತು. ಇವತ್ತು ಹೇಳಿಬಿಡಬೇಕು, ಊಟಕ್ಕೆ ಮೇಲೆ ಬಂದಾಗ ಹೇಳಿಬಿಡೋಣ ಎಂದುಕೊಂಡ. ಮುಚ್ಚಳ ಹಾಕಲು ಹೋದಾಗ ಬೆರಳಿಗೆ ಏನೋ ಅಂಟಿದಂತಾಗಿ ನೋಡಿದ. ಎಡಗೈಯ ಹೆಬ್ಬೆರಳಲ್ಲಿ ಬೂದು ಬಣ್ಣದ ಪುಡಿ. ಹಳೆ ಪೇಂಟು.

ಇದೆಲ್ಲಿ ತಾಗಿತು?

ಹಗ್ಗ ಕಟ್ಟುವಾಗ ತಾಗಿರಬೇಕು, ಇನ್ನೆಲ್ಲಿ ತಾಗುತ್ತದೆ. ಹಗ್ಗ ಕಟ್ಟುವಾಗ… ಅವನು ಹಗ್ಗ ಕಟ್ಟಿದ್ದನ್ನು ನೆನೆಸಿಕೊಳ್ಳಲು ನೋಡಿದ. ಬರಲಿಲ್ಲ.

ಛೆ, ಬರದೆ ಎಲ್ಲಿ ಹೋಗುತ್ತೆ? ಕಣ್ಣು ಮುಚ್ಚಿದ. ಬಂತು. ಭಾಮೈದ ಹಗ್ಗ ಹಿಡಿದು ನಿಂತಿದ್ದಾನೆ, ಬಿರುಕು ಬಿಟ್ಟ ಆ ಬಿಳಿ ಹೆಲ್ಮೆಟ್ಟು ಹಣೆಗೆ ಜಾರಿದೆ, “ಈ ಹಗ್ಗ ಯಾರದು?” ಎನ್ನುತ್ತಿದ್ದಾನೆ, ತಾನು “ನನ್ನದು” ಎನ್ನುತ್ತಿದ್ದೇನೆ. ಅಬ್ಬ! ನೆನಪಿದೆ. ಅವನು ಎದ್ದು, ಎದೆಮಟ್ಟದ ಕಟ್ಟೆಗೆ ಒರಗಿ, ಕೆಳಗೆ ಇಣುಕಿದ.

ಕೆಳಗೆ, ಗಾಜಿನ ಮೇಲೆ, ಹಳದಿ ಹೆಲ್ಮೆಟ್ಟು.

ಅವನು ಕಣ್ಣುಜ್ಜಿಕೊಂಡು ನೋಡಿದ. ಹಳದಿಯೇ. ಹೊಚ್ಚ ಹೊಸದು, ಬಿಸಿಲಿಗೆ ಹೊಳೆಯುತ್ತಿತ್ತು. ವಾಕಿಟಾಕಿ ತೆಗೆದುಕೊಂಡು, ದನಿಯಲ್ಲಿ ಏನೂ ತೋರಗೊಡದೆ, “ಏನೋ, ಹೊಸ ಹೆಲ್ಮೆಟ್ಟಾ? ಯಾವಾಗ ಬಂತು?” ಎಂದ.

ಕೆಳಗಿನಿಂದ ನಗು ಕೇಳಿಸಿತು. “ಶುರುವಾಯ್ತಾ ನಿಮ್ಮ ನಾಟ್ಕ? ಬೆಳಿಗ್ಗೆ ನೀವೇ ತಾನೇ ಚೀಲದಿಂದ ತೆಗೆದು ನನ್ನ ತಲೆ ಮೇಲೆ ಕೂರಿಸಿದ್ದು! ಟಪ್ಪಂತ ಎರಡು ಬಡಿದೂ ನೋಡಿದ್ರಿ. ಇನ್ನೂ ತಲೆ ಗುಂಯ್ ಅಂತಿದೆ.”

ಭಾವ ವಾಕಿಟಾಕಿ ಕೆಳಗಿಳಿಸಿದ. ಬಿಳಿ ಹೆಲ್ಮೆಟ್ಟಿನ ನೆನಪು ನಿನ್ನೆಯದು. ಇಂದಿನ ಬೆಳಗು ಅವನ ತಲೆಯೊಳಗೆ ಇರಲೇ ಇಲ್ಲ. ಹೆಂಡತಿ ಬಾಗಿಲಲ್ಲಿ ಅಡ್ಡ ನಿಂತದ್ದು ಇತ್ತು, ಆಮೇಲೆ ನುಂಗಿದ ಅರ್ಧ ಮಾತ್ರೆ ಇತ್ತು, ಆಮೇಲೆ ಕಾಫಿ. ನಡುವೆ ಚೀಲ ಬಿಚ್ಚಿದ್ದು, ಹೆಲ್ಮೆಟ್ಟು ಬಡಿದದ್ದು, ಕೋಣೆಗೆ ಹೋದದ್ದು, ಗಂಟು ಹಾಕಿದ್ದು, ಒಂದೂ ಇಲ್ಲ.

ಕೋಣೆಯ ಬಾಗಿಲಿಗೆ ಓಡಿ ಬೀಗ ಜಗ್ಗಿದ. ಬೀಗ ಅಲ್ಲಾಡಲಿಲ್ಲ. ನೆಲದ ಮೇಲೆ ಮಲಗಿ ಗಾಳಿಕಿಂಡಿಗೆ ಮುಖ ಒತ್ತಿದ. ಒಳಗೆ ಕತ್ತಲೆ, ಯಂತ್ರದ ಗುರ್ ಸದ್ದು. ಎರಡೂ ಹಗ್ಗಗಳು ಕಿಂಡಿಯಿಂದ ಎಡಕ್ಕೆ ತಿರುಗಿ ಗೋಡೆಯ ಮರೆಗೆ ಹೋಗಿದ್ದವು. ಗಂಟು ಕಾಣಲಿಲ್ಲ. ಇರಲಿ, ಎಡಕ್ಕೇ ಹೋಗಿವೆಯಲ್ಲ, ನಿನ್ನೆಯೂ ತೊಲೆಗಳು ಎಡಕ್ಕೇ ಇದ್ದವು ಎಂದು ಒಂದು ಗಳಿಗೆ ಸಮಾಧಾನವಾಯಿತು. ಭಾರ ಹೊತ್ತ ಹಗ್ಗದ ಮೇಲೆ ಅಂಗೈ ಇಟ್ಟ. ಬಿಗಿಯಾಗಿತ್ತು. ಭಾಮೈದ ಕೆಳಗೆ ಪಕ್ಕಕ್ಕೆ ಸರಿದಾಗ ಹಗ್ಗ ಮಿಡಿಯಿತು, ಮಿಡಿದಾಗ ಕತ್ತಲೆಯೊಳಗಿಂದ ಕಿರ್ರ್ ಎಂದು ಸಣ್ಣ ಸದ್ದು ಬಂತು.

ಕಬ್ಬಿಣದ ತೊಲೆ ಕಿರ್ರ್ ಎನ್ನುವುದಿಲ್ಲ.

ಕೀಲಿಯಮ್ಮನಿಗೆ ಫೋನು ಮಾಡಿದ. “ಅಮ್ಮಾ, ಕೋಣೆ ಬೀಗ ತೆಗೀಬೇಕು, ಈಗ್ಲೇ ಬನ್ನಿ.”

“ಈಗ ತಾನೇ ಹಾಕಿ ಬಂದೆನಲ್ಲಪ್ಪ. ನಾನು ಕೆಳಗೆ ಪಾರ್ಕಿಂಗಲ್ಲಿದೀನಿ.”

“ಓಡಿ ಬನ್ನಿ, ದಮ್ಮಯ್ಯ.”

ಅವಳು ಏನೋ ಗೊಣಗುತ್ತಿರುವಾಗಲೇ ಫೋನಿಟ್ಟ. ಅವಳು ಓಡಿ ಬರುವ ಪೈಕಿ ಅಲ್ಲ. ಬಂದರೂ ಲಿಫ್ಟು ಅಂತಸ್ತು ಅಂತಸ್ತಿಗೆ ನಿಂತು ಜನ ಹತ್ತಿಸಿಕೊಂಡು ಬರಬೇಕು. ಅಷ್ಟರತನಕ ಕೈಕಟ್ಟಿ ಕೂರುವಂತಿಲ್ಲ.

ಏನು ಮಾಡುವುದು? ಗಾಳಿ ಜೋರಾಗಿದೆ, ಕೆಳಗಿನ ಅಂಚಿಗೆ ಹೋಗಿ ನಿಲ್ಲು ಎಂದು ಸುಳ್ಳು ಹೇಳಬಹುದು. ಅಲ್ಲಿ ಕಾಲೂರಲು ಸಿಮೆಂಟಿನ ಒಂದು ಪಟ್ಟಿ ಇತ್ತು. ಆದರೆ ಭಾಮೈದನ ಇಳಿತ ಅವನಿಗೆ ಗೊತ್ತಿಲ್ಲವೇ? ಅಂಚಿಗೆ ಹೋಗು ಎಂದರೆ ಸಾಕು, ಗಾಜಿಗೆ ಕಾಲುಕೊಟ್ಟು ನೆಗೆದು, ತೂಗಿ, ಝಣ್ಣನೆ ಇಳಿಯುತ್ತಾನೆ. ಹಗ್ಗ ಕಿತ್ತುಬರಲು ಆ ಜೋಲಿಯೇ ಸಾಕು. ಉಸಿರು ಬಿಗಿಹಿಡಿದು ಸುಮ್ಮನೆ ನೇತಾಡಬೇಕಾದರೆ ಕಾರಣ ಬೇಕು. ನಿಜವಾದ ಕಾರಣ ಒಂದೇ ಒಂದು ಇತ್ತು.

ಗುಂಡಿ ಒತ್ತಿದ.

“ಲೋ. ಅಲ್ಲಾಡ್ಬೇಡ.”

“ಯಾಕೆ, ಫೋಟೋ ತೆಗೀತಿದೀರಾ?”

“ತಮಾಷೆ ಅಲ್ಲ. ಬಟ್ಟೆ ಬಿಡು, ಬಕೆಟ್ಟು ಬಿಡು. ಕಾಲು ಗಾಜಿಗೆ ತಾಗಿಸ್ದೆ ಸುಮ್ನೆ ಇರು. ಬೆಳಿಗ್ಗೆ ನಾನು ಗಂಟು ಹಾಕಿದ್ದು ನನಗೆ ನೆನಪಿಲ್ಲ.”

ಕೆಳಗಿನಿಂದ ಮತ್ತೆ ನಗು. “ಆಹಾ! ಮೊನ್ನೆ ನಾನು ಹಗ್ಗ ಜಾರ್ತು ಅಂತ ಹೆದರಿಸಿದ್ದಕ್ಕೆ ಇವತ್ತು ಸೇಡು ತೀರಿಸ್ಕೋತಿದೀರಾ? ಆಗಲ್ಲ ಭಾವ, ನಾನು ಬೀಳಲ್ಲ ನಿಮ್ಮ ಬಲೆಗೆ. ನೋಡಿ, ಕುಣೀತೀನಿ ಬೇಕಾದ್ರೆ!” ಎಂದು ಅವನು ಕಾಲು ಮಡಿಸಿ ಗಾಜಿಗೆ ಒದ್ದೇಬಿಟ್ಟ. ಹಗ್ಗ ತುಯ್ದಿತು. ಕೋಣೆಯೊಳಗೆ ಕಿರ್ರ್ ಎಂದದ್ದು ಈ ಸಲ ದೊಡ್ಡದಾಗಿ ಕೇಳಿಸಿತು.

“ನಿಮ್ಮಕ್ಕನ ಆಣೆ ಕಣೋ!” ಭಾವ ಕಿರುಚಿದ. “ನಾನು ಮಾತ್ರೆ ತಗೋತಿದೀನಿ. ಭಯಕ್ಕೆ. ಎರಡು ತಿಂಗಳಾಯ್ತು. ಅದು ಭಯಾನೂ ತೆಗೀತು, ಅದರ ಜೊತೆ ನೆನಪೂ ತಗೊಂಡು ಹೋಯ್ತು. ಹೆಲ್ಮೆಟ್ಟು ಕೊಟ್ಟಿದ್ದು ಗೊತ್ತಿಲ್ಲ, ಗಂಟು ಹಾಕಿದ್ದು ಗೊತ್ತಿಲ್ಲ. ಒಳಗಡೆ ಏನೋ ಬಿಡ್ತಾ ಇದೆ. ಅಲ್ಲಾಡ್ಬೇಡಪ್ಪಾ, ಕಾಲಿಗೆ ಬೀಳ್ತೀನಿ.”

ಇಷ್ಟು ವರ್ಷದಲ್ಲಿ ಭಾವ ಅಕ್ಕನ ಆಣೆ ಹಾಕಿದ್ದೇ ಇಲ್ಲ. ಕೆಳಗೆ ನಗು ನಿಂತಿತು.

“ಎರಡನೇ ಹಗ್ಗ?” ಭಾಮೈದ ಕೇಳಿದ. ದನಿ ಸಣ್ಣಗಾಗಿತ್ತು.

“ಅದೂ ಗೊತ್ತಿಲ್ಲ.”

“ಏನ್ ಮಾಡ್ಲಿ ಭಾವ?”

“ಏನೂ ಮಾಡ್ಬೇಡ. ಮೂರನೇದು ಬಿಡ್ತೀನಿ.”

ಚೀಲದಲ್ಲಿ ಉದ್ದದ ಇನ್ನೊಂದು ಹಗ್ಗವಿತ್ತು. ಅದನ್ನು ಹೊರಗೆಳೆದ. ಕಟ್ಟುವುದು ಯಾವುದಕ್ಕೆ? ಬೋಳು ತಾರಸಿ. ಸುತ್ತ ನೋಡಿದ, ಕೊನೆಗೆ ಕಣ್ಣು ಕೋಣೆಯ ಮೇಲೇ ನಿಂತಿತು. ಒಳಗೆ ಹೋಗಲಾಗದಿದ್ದರೆ ಬೇಡ, ಇಡೀ ಕೋಣೆಗೇ ಹಗ್ಗ ಸುತ್ತಿದರಾಯಿತು. ಗೋಡೆ ಗೋಡೆಯೇ ತಾನೇ.

ಸುತ್ತಲು ಹೊರಟವನು ಅರ್ಧಕ್ಕೇ ನಿಂತ. ಇದನ್ನೂ ಮರೆತರೆ? ಮಾತ್ರೆ ಇನ್ನೂ ಮೈಯಲ್ಲಿದೆ. ಈ ಗಂಟು ಹಾಕಿ, ಹಾಕಿಲ್ಲವೆಂದುಕೊಂಡರೆ ಚಿಂತೆಯಿಲ್ಲ. ಹಾಕದೆಯೇ ಹಾಕಿದೆನೆಂದುಕೊಂಡರೆ? ಕೈಗೆ ಗೊತ್ತು, ತಲೆಗೆ ಗೊತ್ತಿರಬೇಕಾಗಿಲ್ಲ ಎಂದು ಹೆಂಡತಿಯ ಮುಂದೆ ಡೌಲು ಹೊಡೆದ ಮನುಷ್ಯನಿಗೆ ಈಗ ತನ್ನ ಕೈಯ ಮೇಲೂ ನಂಬಿಕೆ ಉಳಿಯಲಿಲ್ಲ. ವಾಕಿಟಾಕಿಯನ್ನು, ಗುಂಡಿ ಕೆನ್ನೆಯಿಂದಲೇ ಒತ್ತುವಂತೆ, ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡ.

“ನಾನು ಹೇಳ್ತಾ ಹೋಗ್ತೀನಿ, ನೀನು ನೆನಪಿಟ್ಕೋ. ಕೋಣೆ ಸುತ್ತ ಒಂದು ಸುತ್ತು ಹಾಕ್ದೆ. ಕೇಳ್ತಾ?”

ಗುಂಡಿ ಬಿಟ್ಟ. “ಕೇಳ್ತು” ಎಂದು ಉತ್ತರ ಬಂತು.

“ಎರಡನೇ ಸುತ್ತು ಹಾಕ್ದೆ. ಗಂಟು ಹಾಕ್ತಿದೀನಿ. ತುದಿ ಒಳಗೆ ತೂರಿಸ್ದೆ. ಹಿಂದಕ್ಕೆ ತಂದೆ. ಬಿಗಿದೆ.”

“ಬಿಗಿದ್ರಿ.”

“ಜಗ್ತಿದೀನಿ. ನನ್ನ ಪೂರ್ತಿ ಭಾರ ಹಾಕಿದೀನಿ. ನಿಂತಿದೆ.”

“ಇನ್ನೊಂದು ಸಲ ಜಗ್ಗಿ ಭಾವ.”

ಜಗ್ಗಿದ.

“ಇನ್ನೊಂದು ಸಲ.”

ಮತ್ತೆ ಜಗ್ಗಿದ. ಮಾತ್ರೆ ಅಡಗಿಸಿಟ್ಟಿದ್ದ ಹಳೆಯ ನಡುಕವೆಲ್ಲ ಒಮ್ಮೆಗೇ ಬಂದಿತ್ತು. ಹಗ್ಗದ ಇನ್ನೊಂದು ತುದಿಗೆ ಕೊಕ್ಕೆ ಸಿಕ್ಕಿಸಿ, ಕಟ್ಟೆಯ ಮೇಲಿನಿಂದ ಮೆಲ್ಲಗೆ ಕೆಳಗೆ ಬಿಟ್ಟ. ಕೊಕ್ಕೆ ಗಾಜಿಗೆ ತಟ್ಟುತ್ತ ಇಳಿಯಿತು. ಗಾಳಿಗೆ ಪಕ್ಕಕ್ಕೆ ತೂಗಿ ಹೋಯಿತು. ಭಾಮೈದ ಕೈ ಚಾಚಿದ, ಎಟುಕಲಿಲ್ಲ. ಇನ್ನಷ್ಟು ಚಾಚಲು ಮೈ ವಾಲಿಸಬೇಕಿತ್ತು. ವಾಲಿಸಿದರೆ ಹಗ್ಗ ತುಯ್ಯುತ್ತದೆ.

“ಬೇಡ, ಬೇಡ. ಅದೇ ಬರುತ್ತೆ, ಇರು.”

ಕೊಕ್ಕೆ ದೂರ ಹೋಯಿತು. ಗಾಜಿಗೆ ಬಡಿದು ತಿರುಗಿ ಬಂತು. ಭಾವ ಕಟ್ಟೆಗೆ ಹೊಟ್ಟೆ ಒತ್ತಿ, ಹಗ್ಗವನ್ನು ಒಂದಿಷ್ಟೇ ಪಕ್ಕಕ್ಕೆ ಸರಿಸಿದ. ಹಳದಿ ಹೆಲ್ಮೆಟ್ಟು ಮೇಲಕ್ಕೆ ತಿರುಗಿತು. ಅದರಡಿಯಲ್ಲಿ ಹೆಂಡತಿಯದೇ ಮೂಗು, ಹೆಂಡತಿಯದೇ ಕಣ್ಣು. ದೇವರೇ, ಇವನನ್ನು ಬಿಟ್ಟು ನಾನು ಯಾವ ಮುಖ ಹೊತ್ತು ಮನೆಗೆ ಹೋಗಲಿ ಎಂದು ಅವನಿಗೆ ಅಳು ಒತ್ತರಿಸಿ ಬಂತು. ಅಷ್ಟರಲ್ಲಿ ಕೊಕ್ಕೆ ಭಾಮೈದನ ಕೈಗೆ ಬಂತು.

“ಹಾಕ್ಕೊಂಡೆ” ಎಂದು ಕೇಳಿಸಿತು. ಅದರ ಹಿಂದೆಯೇ, “ಭಾವ, ಈ ಹಗ್ಗ ಯಾರದು?”

“ನನ್ನದು ಕಣೋ” ಎಂದ ಭಾವ.

ಸಡಿಲಾಗಿ ಬಿದ್ದಿದ್ದ ಹಗ್ಗವನ್ನು ಎಳೆದು ಬಿಗಿ ಮಾಡಿ ಕಟ್ಟಿದ್ದನೋ ಇಲ್ಲವೋ, ಕೋಣೆಯೊಳಗೆ ಢಬ್ಬೆಂದಿತು. ಕಿಂಡಿಯಿಂದ ಬಂದಿದ್ದ ಮೊದಲ ಹಗ್ಗ ಸರ್ರನೆ ಸಡಿಲಾಯಿತು, ಅದರ ಹಿಂದೆಯೇ ಎರಡನೆಯದು ಬಿಗಿದು ಕಿರುಗುಟ್ಟಿ ಅದೂ ಸಡಿಲಾಯಿತು. ಕೆಳಗೆ ಭಾಮೈದ “ಅಯ್ಯೋ ಅಕ್ಕಾ!” ಎಂದ. ಮೂರನೆಯ ಹಗ್ಗ ಕೋಣೆಯ ಮೂಲೆಗೆ ಕಚ್ಚಿ ಟಣ್ಣೆಂದು ಸೆಟೆದು ನಿಂತಿತು. ನಿಂತೇ ಇತ್ತು. ಭಾವ ಆ ಹಗ್ಗವನ್ನು ಎರಡೂ ಕೈಯಲ್ಲಿ ಅಪ್ಪಿಹಿಡಿದು ಕುಸಿದು ಕೂತ. ಅವನು ಹಿಡಿಯಬೇಕಾದ ಅಗತ್ಯವೇನೂ ಇರಲಿಲ್ಲ, ಆದರೂ ಬಿಡಲಿಲ್ಲ. ಬೀಗ ಹಾಕಿದ ಬಾಗಿಲ ಸಂದಿಯಿಂದ ನೀರು ಹರಿದು ಬಂದು ಅವನ ಚಡ್ಡಿ, ಪ್ಯಾಂಟು ಎಲ್ಲ ನೆನೆಸಿತು.

“ಇದ್ದೀಯೇನೋ?” ಎಂದು ಕೇಳಿದ.

“ಇದ್ದೀನಿ. ಅಂಚಿಗೆ ಇಳೀಲಾ?”

“ಇಳಿ. ಮೆಲ್ಲಗೆ.”

ಕೀಲಿಯಮ್ಮ ಬಂದಾಗ ತಾರಸಿಯ ತುಂಬ ನೀರು. “ಅಯ್ಯಯ್ಯೋ, ನನ್ನ ಲಿಫ್ಟು!” ಎಂದು ಬಾಯಿ ಬಡಿದುಕೊಳ್ಳುತ್ತ ಬೀಗ ತೆಗೆದಳು. ಒಳಗಿನ ದೀಪ ಹಾಕಿದೊಡನೆ ಭಾವನಿಗೆ ಎಲ್ಲವೂ ಅರ್ಥವಾಯಿತು.

ಕಟ್ಟಡಗಳು ಎದುರುಬದುರು. ನಿನ್ನೆಯ ಕೋಣೆಯಲ್ಲಿ ಎಡಕ್ಕಿದ್ದದ್ದು ಇಲ್ಲಿ ಬಲಕ್ಕೆ. ಬಲಗಡೆ ಒಂದರ ಹಿಂದೊಂದು ದಪ್ಪ ತೊಲೆಗಳು, ಬೂದು ಬಣ್ಣ ಬಳಿದದ್ದು, ಅವುಗಳ ಮೇಲಿನ ಧೂಳನ್ನು ಯಾರೂ ಮುಟ್ಟಿರಲಿಲ್ಲ. ಎಡಗಡೆ ಒಂದರ ಹಿಂದೊಂದು ನೀರಿನ ಪೈಪುಗಳು, ಅವಕ್ಕೂ ಅದೇ ಬೂದು ಬಣ್ಣ. ಅವನ ಕೈ ನಿನ್ನೆಯ ಕೋಣೆಗೆ ಹೋಗಿ ನಿನ್ನೆಯ ಕೆಲಸ ಮಾಡಿತ್ತು. ಒಂದು ಪೈಪು ಮುರಿದು ನೀರು ಉಗುಳುತ್ತಿತ್ತು, ಇನ್ನೊಂದು ಗೋಡೆಯಿಂದ ಕಿತ್ತು ಬಾಗಿತ್ತು. ಎರಡರ ಮೇಲೂ ಗಂಟುಗಳು ಹಾಗೆಯೇ ಇದ್ದವು. ಹೊಸದಾಗಿ ಕಲಿಯುವವರಿಗೆ ತೋರಿಸುವಷ್ಟು ಚೆಂದದ ಗಂಟುಗಳು. ಅವನು ಅವನ್ನು ನೋಡುತ್ತ ನಿಂತ.

ಹಗ್ಗವನ್ನು ತೊಲೆಗೆ ಬದಲಿಸಿ ಕಟ್ಟಿ, ಕೀಲಿಯಮ್ಮನನ್ನೂ ನಿಲ್ಲಿಸಿ ನೋಡಲು ಹೇಳಿ, ಭಾಮೈದನನ್ನು ಕೆಳಗಿಳಿಸಿದ್ದಾಯಿತು. ಅವನು ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿ ಮೇಲೆ ಬಂದ. ಸೀದಾ ಕೋಣೆಗೆ ಹೋಗಿ ಪೈಪು ನೋಡಿದ. ತಿರುಗಿ ಬಂದು ಭಾವನ ಅಂಗಿಯ ಕೊರಳಪಟ್ಟಿ ಹಿಡಿದ. ಹೊಡೆಯುತ್ತಾನೆ ಎಂದು ಭಾವ ಕಣ್ಣು ಮುಚ್ಚಿದ. ಹೊಡೆದಿದ್ದರೆ ಒಳ್ಳೆಯದಿತ್ತು.

“ಅಕ್ಕನಿಗೆ ಗೊತ್ತಿತ್ತಾ?”

“ಗೊತ್ತಿತ್ತು. ನಿನಗೆ ಹೇಳು ಅಂತ ದಿನಾ ತಲೆ ತಿಂತಿದ್ಳು.”

“ಡಾಕ್ಟ್ರು ಏನಂದ್ರು?”

“ಗೋದಾಮಲ್ಲಿ ಕೆಲ್ಸ ಅಂದಿದ್ದೆ.”

ಭಾಮೈದ ಕೊರಳಪಟ್ಟಿ ಬಿಟ್ಟು ನಗತೊಡಗಿದ. ಕೇಳಲು ಹಿತವಾದ ನಗುವಲ್ಲ ಅದು. “ಗೋದಾಮು! ನಾನೇನು ಪೆಟ್ಟಿಗೇನಾ ಭಾವ?” ಎಂದು ನಕ್ಕು ನಕ್ಕು ಒದ್ದೆ ನೆಲದ ಮೇಲೆ ಕೂತ. ಕೂತವನು ಮಂಡಿಯ ಮೇಲೆ ಹಣೆಯಿಟ್ಟ. ಬೆನ್ನು ಅದುರುತ್ತಿತ್ತು. ಭಾವ ಪಕ್ಕದಲ್ಲಿ ಕೂತ. ಮುಟ್ಟಲು ಧೈರ್ಯ ಬರಲಿಲ್ಲ.

“ನಾನೂ ನೋಡ್ಲಿಲ್ಲ” ಎಂದ ಭಾಮೈದ, ತಲೆಯೆತ್ತದೆ. “ಬಾಗಿಲಲ್ಲೇ ನಿಂತ್ಕೊಂಡು ಕೇಳ್ದೆ. ಒಳಗೆ ಕಾಲಿಟ್ಟಿದ್ರೆ ಗೊತ್ತಾಗ್ತಿತ್ತು. ನೀವು ನನ್ನದು ಅಂದ್ರಿ, ಸಾಕು ಅಂದ್ಕೊಂಡೆ.”

“ಅಂದೆನಾ ನಾನು?”

“ಅಂದ್ರಿ. ಗಟ್ಟಿಯಾಗಿ ಅಂದ್ರಿ.”

ಭಾವ ಹೆಬ್ಬೆರಳಿನ ಬೂದು ಪೇಂಟನ್ನು ಒದ್ದೆ ಪ್ಯಾಂಟಿಗೆ ತಿಕ್ಕಿದ.

“ಮೂರುಸಲ ಅಂತ ಆಡ್ಕೊಂಡು ನಗ್ತಿದ್ನಲ್ಲ,” ಭಾಮೈದ ಮೂಗು ಒರೆಸಿಕೊಂಡ, “ನಿಮಗೆ ಭಯ ಇದೆ ಅನ್ನೋ ಧೈರ್ಯದ ಮೇಲೇ ನಾನು ಇಷ್ಟು ವರ್ಷ ಇಳಿದಿದ್ದು ಭಾವ.”

ಮನೆಯಲ್ಲಿ ಭಾಮೈದ “ಏನಿಲ್ಲ ಅಕ್ಕ, ಪೈಪು ಒಡೆದು ಸ್ವಲ್ಪ ನೆಂದ್ವಿ” ಎಂದು ಶುರು ಮಾಡಿದ್ದ. ಭಾವ ಅವನ ಮಾತನ್ನು ಅಲ್ಲಿಗೇ ತಡೆದು, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವಳು ಕೂಗಾಡಲಿಲ್ಲ. ತಮ್ಮನ ತಲೆ, ಭುಜ, ಕೈಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು, ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಮರುದಿನ ಅವಳೇ ಡಾಕ್ಟರ ಕೋಣೆಯೊಳಗೆ ಬಂದು ಕೂತು, “ಇವರು ಗೋದಾಮಲ್ಲಿ ಇಲ್ಲ ಡಾಕ್ಟ್ರೇ” ಎಂದಳು. ಡಾಕ್ಟರು ಪೆನ್ನು ಕೆಳಗಿಟ್ಟು ಅವನನ್ನು ಚೆನ್ನಾಗಿ ಬೈದರು. ಒಮ್ಮೆಗೇ ನಿಲ್ಲಿಸಿದರೆ ಮೈಗೆ ಕೆಟ್ಟದ್ದು, ಮೆಲ್ಲಗೆ ಇಳಿಸೋಣ, ಭಯಕ್ಕೆ ಬೇರೆ ದಾರಿಯೂ ಇದೆ, ಅದಕ್ಕೆ ಬಂದು ಕೂತು ಮಾತಾಡಬೇಕು ಎಂದರು. ಅಲ್ಲಿಯವರೆಗೆ ಹಗ್ಗ ಮುಟ್ಟಕೂಡದು.

ಗುತ್ತಿಗೆದಾರ ಅವನನ್ನು ತಾರಸಿಯಿಂದ ನೆಲಕ್ಕೆ ಇಳಿಸಿದ. 

ಈಗ ಅವನ ಕೆಲಸ ಕಟ್ಟಡದ ಬುಡದಲ್ಲಿ ಪಟ್ಟಿ ಕಟ್ಟಿ, ಮೇಲಿನಿಂದ ನೀರು ತೊಟ್ಟಿಕ್ಕುವ ಜಾಗಕ್ಕೆ ಜನ ಬರದಂತೆ ನೋಡಿಕೊಳ್ಳುವುದು. ಮೇಲೆ ಹಗ್ಗ ಕಟ್ಟಲು ಹೊಸಬನೊಬ್ಬ ಬಂದಿದ್ದಾನೆ, ಕೆಲಸ ಬಲ್ಲವನು. ಭಾವ ಕತ್ತೆತ್ತಿ ನಿಲ್ಲುತ್ತಾನೆ. ಬಿಸಿಲಿನಲ್ಲಿ ಹಳದಿ ಚುಕ್ಕೆಯೊಂದು ಕಟ್ಟೆ ದಾಟಿ ಗಾಜಿನ ಮೇಲೆ ಇಳಿಯುವುದು ಕಾಣುತ್ತದೆ. ಅವನು ವಾಕಿಟಾಕಿ ಬಾಯಿಗೆ ಹಿಡಿಯುತ್ತಾನೆ.

“ಒಳಗೆ ಹೋಗಿ ನೋಡಿದ್ಯೇನೋ?”

“ನೋಡ್ದೆ ಭಾವ.”

“ಜಗ್ಗಿದ್ಯಾ?”

“ಜಗ್ಗಿದೆ.”

ಯಾರೋ ಪಟ್ಟಿಯ ಕೆಳಗೆ ನುಸುಳಲು ಬರುತ್ತಾರೆ, ಅವರನ್ನು ಅಟ್ಟಿ ಬರುತ್ತಾನೆ. ಮತ್ತೆ ಕತ್ತೆತ್ತುತ್ತಾನೆ. ಆಗಲೇ ಕೇಳಿದೆನೋ, ಕೇಳಬೇಕೆಂದುಕೊಂಡದ್ದು ಮಾತ್ರವೋ? ಕೇಳಿದ್ದು ಇಂದೋ, ನಿನ್ನೆಯೋ? ಕೈ ತನ್ನಷ್ಟಕ್ಕೆ ಗುಂಡಿ ಒತ್ತುತ್ತದೆ.

“ಒಳಗೆ ಹೋಗಿ ನೋಡಿದ್ಯೇನೋ?”

ಮೇಲೆ ಗಾಜು ಒರೆಸುವ ಕೈ ನಿಲ್ಲುತ್ತದೆ. ಮೊದಲಾಗಿದ್ದರೆ ಇಷ್ಟು ಹೊತ್ತಿಗೆ ಒಂದು ಕೀಟಲೆ ಬಂದು ಬೀಳಬೇಕಿತ್ತು.

“ನೋಡ್ದೆ ಭಾವ” ಎನ್ನುತ್ತಾನೆ ಭಾಮೈದ, ಇದೇ ಮೊದಲ ಸಲ ಕೇಳಿದರು ಎನ್ನುವ ಹಾಗೆ.